ಇತರೆ ಅಂದ್ರೆ ಏನು?

ಬಂದಿರುವ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಭಾವನವರೇ, ಅಕ್ಕನ ಮಗಳೇ — ನನಗೆ ಭಾಷಣ ಬರಲ್ಲ. ಸುಮ್ಮನಿರೋಕೂ ಆಗ್ತಿಲ್ಲ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತೋರು ನಾವು. ಹತ್ತೊಂಬತ್ತು ವರ್ಷ ನನ್ನದು ಆರನೇ ಕಿಟಕಿ, ಅಕ್ಕಂದು ಏಳನೇದು — ಒಡಹುಟ್ಟಿದವರಲ್ಲ, ಆಫೀಸಲ್ಲಿ ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಪ್ರಯಾಣಿಕರ ಚೀಟಿಯಲ್ಲಿ 'ಬಂದ ಉದ್ದೇಶ' ಅಂತ ಇರುತ್ತೆ — ಕೆಲಸ, ಬಂಧುಗಳು, ಓದು, ಇತರೆ. 'ಇತರೆ' ಕಂಡ್ರೆ ನಾವು ಠಪ್ ಅಂತ ಒತ್ತಿ ಕಳಿಸೋರು. ಅಕ್ಕ ಕನ್ನಡಕ ಹೀಗೆ ಮೇಲೆತ್ತಿ, ಇತರೆ ಅಂದ್ರೆ ಏನು ಅಂತ ಕೇಳೋರು. ಕೇಳಿ ಪಕ್ಕದಲ್ಲೇ ಪೆನ್ಸಿಲಲ್ಲಿ ಬರೆಯೋರು — ಕೊಕ್ಕರೆ. ನೀರುನಾಯಿ. ಮತ್ತೆ ಕೊಕ್ಕರೆ. ಸಾಲು ಬಾಗಿಲಾಚೆಗೆ ಬೆಳೆಯೋದು. ತಲೆ ಕೆಟ್ಟು ನಾನೇ 'ಇತರೆ ಅಕ್ಕ' ಅಂತ ಹೆಸರಿಟ್ಟೆ. ಅಷ್ಟೇ ಅಲ್ಲ — ಒಂದು ದಿನ ಹೆಸರು ಹಾಕದೆ ಅಕ್ಕನ ಮೇಲೆ ದೂರೂ ಬರೆದೆ.

ಆಮೇಲೆ ರನ್‌ವೇ ಉದ್ದ ಮಾಡೋ ಯೋಜನೆ ಬಂತು. ಪ್ರವಾಸಿಗರು ಹೆಚ್ಚಿದರೆ ದೇಶಕ್ಕೆ ಆದಾಯ, ಅದಕ್ಕೆ ಆ ಕೊಕ್ಕರೆಗಳಿರೋ ಪಕ್ಕದ ಜೌಗು ಕೆರೆ ಮುಚ್ಚಬೇಕು. ಕೊಕ್ಕರೆಯಿಂದ ದೇಶ ನಡೆಯುತ್ತಾ ಅಂತ ಸಭೆಯಲ್ಲಿ ದೊಡ್ಡ ಸಾಹೇಬರು ನಕ್ಕರು. ನಾವೂ ನಕ್ಕೆವು — ಸುಳ್ಳು ಯಾಕೆ ಹೇಳಲಿ?

ಅಕ್ಕ ಎದ್ದು ಚೀಟಿ ಕಟ್ಟುಗಳನ್ನ ಮೇಜಿನ ಮೇಲೆ ಇಟ್ಟರು. ಇಟ್ಟರು, ಇಟ್ಟರು — ಸಾಹೇಬರ ಮುಖವೇ ಕಾಣದ ಹಾಗೆ ಇಟ್ಟರು.

"ಹತ್ತು ಜನರಲ್ಲಿ ನಾಲ್ಕು ಜನ ಬರೋದು ಆ ಕೊಕ್ಕರೆಗೇ ಸಾರ್. ದೋಣಿಯವರು, ಲಾಡ್ಜಿನವರು, ಟ್ಯಾಕ್ಸಿಯವರು, ನಮ್ಮ ಕಿಟಕಿಗಳು — ಎಲ್ಲರದೂ ಅವು ಹಾಕಿದ ಅನ್ನ. ಕೆರೆ ಮುಚ್ಚಿದ್ರೆ ನಿಮ್ಮ ಉದ್ದ ರನ್‌ವೇಗೆ ಯಾರು ಇಳೀತಾರೆ?"

ಸಾಹೇಬರು ಒಂದೊಂದೇ ಚೀಟಿ ತೆಗೆದು ಓದೋಕೆ ಶುರು ಮಾಡಿದರು. ಕೆರೆ ಉಳೀತು.

ಆ ಭಾನುವಾರ ಬೆಳಗ್ಗೆ ಇಬ್ಬರೂ ಕೆರೆಗೆ ಹೋದೆವು. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಇಬ್ಬರೂ ನೋಡಿರಲಿಲ್ಲ ನೋಡಿ. ಬಿಸಿಲು ಬಿದ್ದದ್ದೇ ತಡ, ಎದ್ದವು — ಸಾವಿರಾರು, ಒಟ್ಟಿಗೆ. ಕೆರೆಯೇ ಎದ್ದು ಹೋಯ್ತು ಅನ್ನಿಸಿತು. ಸಮುದ್ರ ದಾಟಿ ಬರ್ತಾರೆ ಅಂದ್ರೆ ಬರಬೇಕಾದ್ದೇ ಅಂತ ಅಕ್ಕ ಮೆಲ್ಲಗೆ ಅಂದರು. ದೂರು ಬರೆದವನು ನಾನೇ ಅಂತ ಆಗ ಹೇಳಬೇಕಿತ್ತು. ಹೇಳಲಿಲ್ಲ.

ಮೊನ್ನೆ ಅಕ್ಕನ ಡ್ರಾಯರ್ ಖಾಲಿ ಮಾಡಿದೆ. ನನ್ನ ದೂರು ಅಲ್ಲೇ ಇತ್ತು. ವಿವರಣೆ ಕೊಡಿ ಅಂತ ಸಾಹೇಬರು ಅಕ್ಕನಿಗೇ ಕಳಿಸಿದ್ದರಂತೆ. ಅದರಲ್ಲೂ ಒಂದು ಕಾಲಂ — 'ದೂರಿನ ಕಾರಣ'. ನಾನು ಗುರುತು ಹಾಕಿದ್ದು — ಇತರೆ. ಪಕ್ಕದಲ್ಲಿ ಪೆನ್ಸಿಲಲ್ಲಿ ಅಕ್ಕ ಬರೆದಿದ್ದಾರೆ —

"ಆರನೇ ಕಿಟಕಿ. ಈ ವಾರ ಅವನ ಅಮ್ಮ ಆಸ್ಪತ್ರೆಯಲ್ಲಿದ್ದಾರೆ."

...ಇನ್ನು ನನ್ನ ಕೈಲಿ ಆಗಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನವಾಗಿರೋಣ. ಸಾಲು ಬೆಳೆದರೆ ಬೆಳೀಲಿ.