ಮಾಳಮ್ಮ ಒಬ್ಬರೋ, ಇಬ್ಬರೋ?

ಊಟದ ಟೇಬಲ್ ಸರಿಸಿ, ಈ ಕ್ಯಾಂಟೀನಿನಲ್ಲೇ ಜಾಗ ಮಾಡಿಕೊಂಡು ಕೂತಿರುವ ಎಲ್ಲರಿಗೂ ನಮಸ್ಕಾರ. ಶಹಾಪುರದಿಂದ ಬಂದಿರುವ ನಯೀಮ ಭಾಯ್ ಅವರಿಗೆ ಆದಾಬ್. ಭಾಯ್, ನಿಮ್ಮ ಮನೆಯವರು ನಮಗೆಲ್ಲ ಆಪಾ. ದೊಡ್ಡಕ್ಕ. ಹೋದ ವಾರ ಎದೆನೋವು ಅಂದರು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ನನಗೆ ಇನ್ನೂ ನಂಬಿಕೆ ಬಂದಿಲ್ಲ.

ನಾನು ರಂಗಣ್ಣ. ಈ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಖುರ್ಷೀದಬೇಗಂ ಆಪಾ ಅವರ ಪಕ್ಕದ ಕುರ್ಚಿ ನನ್ನದು. ದಿನಗೂಲಿಯವರಿಗೆ ಗೇಟ್ ಪಾಸ್ ಮಾಡುವುದು ನಮ್ಮ ಕೆಲಸ. ಮೇಸ್ತ್ರಿ ಹೆಸರು ಕಳಿಸುತ್ತಾನೆ, ಅದನ್ನು ನೋಡುವುದು, ಕಂಪ್ಯೂಟರಿನಲ್ಲಿ ಬಡಿಯುವುದು — ಮತ್ತೆ ನೋಡುವುದು, ಮತ್ತೆ ಬಡಿಯುವುದು. ಆಪಾ ಒಂದು ದಿನ ಕೈ ಝಾಡಿಸಿ ಅಂದರು, "ರಂಗಣ್ಣ, ಇದು ಮನುಷ್ಯಾರು ಮಾಡೂ ಕೆಲಸಲ್ಲೋ. ಇದಕ್ಕೊಂದು ರೋಬೋ ಕೂಡ್ರಸ್ತೀನಿ ನೋಡು."

ರೋಬೋ ಅಂದರೆ ಕೈಕಾಲಿನ ಕಬ್ಬಿಣದ ಗೊಂಬೆ ಬರುತ್ತದೆ ಅಂತ ನಾವು ಬಾಗಿಲು ನೋಡಿದ್ದೇ ನೋಡಿದ್ದು! ಬಂದದ್ದು ಒಂದು ಸಾಫ್ಟ್‌ವೇರ್. ಆಪಾ ಅದಕ್ಕೆ ನಮ್ಮ ಕೆಲಸವನ್ನು ಒಂದೊಂದಾಗಿ ತೋರಿಸಿಕೊಟ್ಟರು. ಆಮೇಲೆ — ಹೀಗೆ, ಯಾರೂ ಮುಟ್ಟದೆ — ಪರದೆಯ ಮೇಲಿನ ಬಾಣ ತಾನೇ ಓಡಾಡತೊಡಗಿತು. ಹೆಸರು ತಾನೇ ಎತ್ತಿತು, ತಾನೇ ಬರೆಯಿತು. ಕಸ ಗುಡಿಸಲು ಬಂದ ಹಣಮಂತಮ್ಮ ಕಸಬರಿಗೆ ಕೆಳಗಿಟ್ಟು ಕೇಳಿದಳು, "ಯವ್ವಾ, ಇದರ ಮೈಮ್ಯಾಲೆ ಯಾರರ ಬಂದಾರೇನ್ರಿ?" ನಗಬೇಡಿ, ನನಗೂ ಅದೇ ಅನುಮಾನವಿತ್ತು.

ಆದರೆ ರೋಬೋಕ್ಕೆ ನಮ್ಮ ಸೀಮೆ ಗೊತ್ತಿರಲಿಲ್ಲ ನೋಡಿ. ಕುರಿ ಕಾಯುವ ಮನೆತನಗಳಲ್ಲಿ ಮಕ್ಕಳಿಗೆ ಮನೆದೇವರ ಹೆಸರಿಡುತ್ತಾರೆ. ಮನೆಗೊಬ್ಬ ಮಾಳಪ್ಪ, ಮನೆಗೊಬ್ಬಳು ಮಾಳಮ್ಮ! ಒಂದು ಬೆಳಗ್ಗೆ ಮೇಸ್ತ್ರಿ ಕಳಿಸಿದ ಹೆಸರುಗಳಲ್ಲಿ "ಮಾಳಮ್ಮ, ಗಂಡ ಮಾಳಪ್ಪ, ಸೈದಾಪುರ" ಅಂತ ಎರಡು ಸಲ ಇತ್ತು. ಕೈತಪ್ಪಿ ಎರಡು ಸಲ ಬಂದಿದೆ ಅಂತ ರೋಬೋ ಒಂದನ್ನು ಅಳಿಸಿತು. ಒಬ್ಬಾಕೆ ಒಳಗೆ ಬಂದಳು. ಇನ್ನೊಬ್ಬಾಕೆ ಗೇಟಿನ ಹೊರಗೆ.

ಆಕೆಯ ದನಿ ಆಫೀಸಿನ ತನಕ ಕೇಳಿತು — "ನನ್ನ ಹೆಸರಿಲ್ಲಂದ್ರ ನಾ ಇಲ್ಲೇನ್ರಿ? ನಿಮ್ಮ ಮುಂದ ನಿಂತೀನಲ್ಲ!"

ನಾನಾಗಿದ್ದರೆ ಮೇಸ್ತ್ರಿಗೆ ಫೋನ್ ಮಾಡಿ ಬೈಯುತ್ತಿದ್ದೆ. ಆಪಾ ಎದ್ದು ಗೇಟಿಗೆ ಹೋದರು. ಆಕೆಯನ್ನು ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟರು. "ಖರೇ ಹೇಳು ಯವ್ವಾ, ನಿಮ್ಮ ಓಣ್ಯಾಗ ನಿಮ್ಮಿಬ್ಬರನ್ನ ಹ್ಯಾಂಗ ಗುರ್ತ ಹಿಡೀತಾರ?"

"ಆಕಿ ಬಾವಿಮನಿ ಮಾಳಮ್ಮ ಅದಾಳ್ರಿ. ನನಗ ಬಾಯಿ ಮಾಳಮ್ಮ ಅಂತಾರ. ಆದ್ರ ನನ್ನೆದುರಿಗಿ ಯಾವನೂ ಅನ್ನಂಗಿಲ್ಲ!"

ಆಪಾ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಆ ಸಂಜೆಯೇ ರೋಬೋಕ್ಕೆ ಹೊಸ ಪಾಠ ಸುರುವಾಯಿತು. ಸಂಶಯ ಬಂದರೆ ಅಳಿಸಬೇಡ, ಕೇಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಹಾಗೆ. ಅಂದಿನಿಂದ ಒಂದೇ ಥರದ ಹೆಸರು ಬಂದರೆ ಆಪಾ ಫೋನಿಗೆ ಮೆಸೇಜು ಬರುತ್ತಿತ್ತು — "ಮಾಳಮ್ಮ: ಒಬ್ಬರೋ, ಇಬ್ಬರೋ?" ಆಪಾ ಮೇಸ್ತ್ರಿಯನ್ನು ಕೇಳಿ ಉತ್ತರ ಒತ್ತಿದ ಮೇಲೆಯೇ ಪಾಸ್.

"ಆಪಾ, ಮಷೀನಿಗೆ ಇಷ್ಟೆಲ್ಲ ಯಾಕ ಬೇಕ್ರಿ?" ಅಂದೆ ನಾನು.

"ರಂಗಣ್ಣ, 'ನನಗ ಗೊತ್ತಿಲ್ಲ' ಅನ್ನೂದು ನಿನಗಂತೂ ಕಲಸಾಕ ಆಗಲಿಲ್ಲ. ಅದಕ್ಕರ ಕಲಸ್ತೀನಿ ತಡಿ!"

ಹೌದು, ನಗಿರಿ. ಆಪಾ ಇದ್ದರೆ ಎಲ್ಲರಿಗಿಂತ ಜೋರಾಗಿ ಅವರೇ ನಗುತ್ತಿದ್ದರು.

ಈಗ ಹೇಳುವ ಮಾತು ನಿನ್ನೆಯ ತನಕ ನಮಗೂ ಗೊತ್ತಿರಲಿಲ್ಲ. ಆಪಾ ಹೋದ ಮೇಲೂ ಪಾಸುಗಳು ತಪ್ಪದೆ ಬರುತ್ತಿದ್ದವು. ರೋಬೋ ಯಾರನ್ನು ಕೇಳುತ್ತಿದೆ ಅಂತ ನಾವು ಯಾರೂ ಯೋಚಿಸಲಿಲ್ಲ. ಅದು ಕೇಳುತ್ತಿದ್ದದ್ದು ಆಪಾ ಅವರನ್ನೇ — ಅದಕ್ಕೆ ಸಾವು ಹೇಗೆ ತಿಳಿಯಬೇಕು? ಮಣ್ಣು ಕೊಟ್ಟು ಬಂದ ಮರುದಿನ, ನೆಂಟರು ತುಂಬಿದ ಮನೆಯಲ್ಲಿ ಆಪಾ ಫೋನ್ ಗುಂಯ್ ಅಂದಿದೆ. "ಮಾಳಮ್ಮ: ಒಬ್ಬರೋ, ಇಬ್ಬರೋ?" ಅದನ್ನು ಓದಿದವರು ನಯೀಮ ಭಾಯ್. ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಆಮೇಲೆ ಹಳೆಯ ಮೆಸೇಜುಗಳನ್ನು ನೋಡಿ, ಮೇಸ್ತ್ರಿಯ ನಂಬರ್ ಹುಡುಕಿ, ಕೇಳಿ, ಉತ್ತರ ಒತ್ತಿದರು. ಇಬ್ಬರು. ಅಂದಿನಿಂದ ಪ್ರತಿ ಪಾಳಿಗೂ ಅವರೇ ಒತ್ತುತ್ತಿದ್ದಾರೆ.

"ಭಾಯ್, ಇಂಥ ದುಃಖದಾಗ ನಿಮಗ್ಯಾಕ ಈ ಉಸಾಬರಿ?" ಅಂತ ಕೇಳಿದೆ. ಅವರಂದರು, "ಫೋನ್ ಬಂದ್ ಮಾಡಿದ್ರ ಅಲ್ಲಿ ಒಬ್ಬ ಹೆಣ್ಮಗಳು ಹೊರಗ ನಿಲ್ತಾಳಲ್ಲ ರಂಗಣ್ಣ. ಆಕಿಗಿ ಏನಂತ ಹೇಳ್ಲಿ?"

ನನಗೆ ಅಳು ತಡೆಯಲಾಗಲಿಲ್ಲ. ಈಗಲೂ —

ಇರಲಿ. ಮ್ಯಾನೇಜರ್ ಲಕ್ಷ್ಮಿಕಾಂತ ಸಾಹೇಬರು ಇಲ್ಲೇ ಕೂತಿದ್ದಾರೆ. ಈ ಪ್ರಶ್ನೆಯಿಂದ ಪಾಸ್ ತಡವಾಗುತ್ತದೆ, ಅದನ್ನು ತೆಗೆದುಹಾಕಿ ಅಂತ ಮೇಲಿನಿಂದ ಮಾತು ಬಂದಿದೆ. ಸಾಹೇಬರೇ, ತಡವಾಗುವುದು ನಿಜ. ಆದರೆ ತೆಗೆದರೆ ಒಬ್ಬ ಮಾಳಮ್ಮ ಅಳಿಸಿಹೋಗುತ್ತಾಳೆ, ಅದೂ ನಿಜ. ಆಪಾ ಅವರ ಫೋಟೋಕ್ಕೆ ಹಾರ ಹಾಕಿ ಅವರ ಪ್ರಶ್ನೆಯನ್ನು ಕಿತ್ತುಹಾಕಿದರೆ ಈ ಸಭೆ ಯಾಕೆ? ಪ್ರಶ್ನೆ ಇರಲಿ. ನಾಳೆಯಿಂದ ಅದನ್ನು ನನ್ನ ನಂಬರಿಗೆ ಕಳಿಸಿ. ಸಾಹೇಬರು ತಲೆ ಆಡಿಸುತ್ತಿದ್ದಾರೆ — ಹೌದು ಅಂತಲೋ, ಅಲ್ಲ ಅಂತಲೋ? ನನಗೆ ಗೊತ್ತಿಲ್ಲ. ನೋಡಿದಿರಾ ಆಪಾ, ಕೊನೆಗೂ ಅಂದೆ.

ಈಗ ಎಲ್ಲರೂ ಎದ್ದು ನಿಲ್ಲಿ. ಫೋನುಗಳನ್ನು ಬಂದ್ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಆಪಾ ಅವರನ್ನು ನೆನೆಯೋಣ. ನಯೀಮ ಭಾಯ್, ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಬಂದ್ ಮಾಡಬೇಡಿ. ಎರಡನೇ ಪಾಳಿಯ ಹೊತ್ತಾಯಿತು, ಗೇಟಿನಲ್ಲಿ ಹೆಣ್ಣುಮಕ್ಕಳು ನಿಂತಿದ್ದಾರೆ. ನಡುವೆ ಅದು ಗುಂಯ್ ಅಂದರೆ ಮೊದಲು ಉತ್ತರ ಕೊಡಿ. ನಮ್ಮ ಮೌನ ಕಾಯುತ್ತದೆ.