ಬೆನ್ನ ಮ್ಯಾಲಿನ ಗಂಟು

…ಅಲ್ರಿ ಬೀಗತೇರ, ಹಂಗ್ಯಾಕ ನನ್ನ ಮಾರಿನ ನೋಡಾಕ ಹತ್ತೀರಿ? ನಾ ಏನ್ ಮಾಡ್ಲಿ? ನಿಮ್ಮ ಮಗಳು ಮುಂಜಾನೆದ್ದು ಚಾ ಕುಡದ್ಲು, ಕುಡದದ್ದೆಲ್ಲಾ ಕಾರಿಕೊಂಡ್ಲು. ಹಸರ… ಹಸರ ನೀರು! ಥೂ! ಆ ವಾಸನಿ ಇನ್ನೂ ನನ್ನ ಸೆರಗಿಗೆ ಹತ್ತೇತಿ. ಹೊಟ್ಟಿ ಅಂತೀರಿ, ಕಲ್ಲಾಗಿತ್ತು ಕಲ್ಲು. ನಿಮ್ಮ ಅಳಿಯ ಗಾಳೇಶ ನೋಡಿದ್ರ ಕುಷ್ಟಗಿ ಕಡೆ ಕರೆಂಟಿನ ಕಂಬದ ಕೆಲಸಕ್ಕ ಹೋಗ್ಯಾನ. ನಾನ ಆಟೋ ಕರದೆ, ಕೂಸನ್ನ ಬಾಜೂ ಮನಿ ನಸೀಮಾಬಿ ಕೈಯಾಗ ಕೊಟ್ಟೆ, ಕಾರಟಗಿಯಿಂದ ಈ ಗಂಗಾವತಿ ದವಾಖಾನಿ ತನಕ ನಿಮ್ಮ ಅಮೃತಾನ ತಲಿ ನನ್ನ ತೊಡಿ ಮ್ಯಾಲ ಇಟಗೊಂಡು ಬಂದೆ. ಅತ್ತಿ ಆದಾಕಿ ಇದಕ್ಕಿಂತ ಹೆಚ್ಚಿಗೆ ಏನ್ ಮಾಡಬೇಕ್ರಿ?

ಕುಂದರ್ರಿ. ಹಿಟ್ನಾಳದಿಂದ ಬಸ್ಸಿನ್ಯಾಗ ನಿಂತಕೊಂಡ ಬಂದೀರಿ… ಅಲ್ಲೆ ಬ್ಯಾಡ್ರಿ, ಈ ಕಡೆ! ಯಾವನೋ ಎಲಿ ಅಡಿಕಿ ಉಗುಳ್ಯಾನ. ಛೀ. ದವಾಖಾನಿ ಅನ್ನೂದೂ ಗೊತ್ತಾಗಂಗಿಲ್ಲ ಮಂದಿಗೆ.

ಡಾಕ್ಟರ್ ಏನಂದ್ರು? ಹೇಳ್ತೀನಿ, ಹೇಳ್ತೀನಿ. ಸಿಜೇರಿಯನ್ ಹೊಲಿಗಿ ಐತಲ್ಲ, ಅಲ್ಲಿ ಒಳಗಿನ ಪದರ ಬಿಟ್ಟೈತಂತ. ಅದರಾಗಿಂದ ಕರುಳು ಹೊರಗ ಬಂದು ಸಿಕ್ಕೊಂಡೈತಂತ. ಹರ್ನಿಯಾ ಅಂದ್ರು. ಮತ್ತ ಕೇಳಿದ್ರು, ‘ಇದು ಗಟ್ಟಿ ಆಗಿ ಎಷ್ಟು ತಾಸಾತವ್ವಾ?’ ಅಂತ. ಈಗೀಗ ಆಗಿದ್ರ ಸೂಜಿ ಮಾಡಿ, ಕೈಲೆ ಮೆಲ್ಲಕ ಒತ್ತಿ ಒಳಗ ಕಳಸ್ತಾರಂತ. ಭಾಳ ಹೊತ್ತಾಗಿದ್ರ ಒತ್ತಬಾರದಂತ. ಕೊಳತ ಕರುಳು ಒಳಗ ಹೋದ್ರ ಜೀವಕ್ಕ ಕುತ್ತು ಬರ್ತೈತಂತ, ಆಗಿಂದಾಗ ಹೊಟ್ಟಿ ಕೊಯ್ಯಬೇಕಂತ. ನಾ ಅಂದೆ, ಇವತ್ತ ಮುಂಜಾನಿಂದರೀ, ಅಂತ. ಏನೋ ಬಟ್ಟಿ ತಾನ ಬಿಗದು ಕಟಗೊಂಡಿದ್ಲು, ಫೋನಿನ್ಯಾಗ ನೋಡಿ ಕಲತಾಳ, ಅಂದೆ. ದೊಡ್ಡ ಡಾಕ್ಟರ್ ಬೇರೆ ಆಪರೇಷನ್‌ದಾಗ ಅದಾರ, ಬಂದು ಒತ್ತಿ ನೋಡ್ತಾರ.

ಯಾಕ್ರಿ, ಹುಬ್ಬು ಏರಸ್ತೀರಿ? ಮುಂಜಾನಿಂದನ ರೀ! ಕಾರಿಕೊಂಡದ್ದು ಮುಂಜಾನಿ ಅಂದ ಮ್ಯಾಲ ಮುಂಜಾನಿಂದನ ಅಲ್ಲೇನು?

ಸೀರಿ ನೋಡಾಕ ಹತ್ತೀರೇನು? ಮದುವ್ಯಾಗ ನೀವು ಕೊಟ್ಟ ನೀಲಿ ಸೀರಿ ಉಟಗೊಂಡಿಲ್ಲ ಅಂತ? ಅಯ್ಯ, ಐತ್ರೀ, ಪೆಟ್ಟಿಗ್ಯಾಗ ಐತಿ. ಬೀಗತಿ ಕೊಟ್ಟ ಸೀರಿ ದವಾಖಾನಿಗೆ ಯಾರರ ಉಟಗೊಂಡು ಬರ್ತಾರೇನು?

ಕೇಳ್ರಿ… ತೆಗೀಬಾರದಿತ್ತು ಮಾತು, ಆದ್ರೂ ತೆಗೀತೀನಿ. ಇದಕ್ಕೆಲ್ಲಾ ಕಾರಣ ಯಾರು? ನೀವು. ಹೌದು, ನೀವ! ಮೊದಲನೇ ಬಾಣಂತನ ಯಾರದ್ರಿ? ತವರಮನೀದು. ಬಾಣಂತಿಗೆ ಎರದು, ಎರಡು ಪದರ ಹಳೇ ಧೋತರ ಸುತ್ತಿ ಹೊಟ್ಟಿ ಕಟ್ಟೂದು ಯಾರ ಕೆಲಸ? ತಾಯೀದು. ನೀವೇನ್ ಮಾಡಿದ್ರಿ? ‘ಕೊಯ್ದ ಹೊಟ್ಟಿ, ಕಟ್ಟಬ್ಯಾಡ್ರಿ ಅಂದಾರ ಡಾಕ್ಟರು’ ಅಂತ ಕೈ ಕಟ್ಟಿ ಕುಂತ್ರಿ. ಅಂಟಿನ ಉಂಡಿ ತಿನಿಸಿದ್ರಿ, ತುಪ್ಪ ತಿನಿಸಿದ್ರಿ, ಕೂಸಿಗೆ ಐದು ತಿಂಗಳಾದ ಮ್ಯಾಲ ಉಡಿ ತುಂಬಿ ನಮ್ಮನಿಗೆ ಕಳಿಸಿದ್ರಿ. ಹೆಂಗ ಕಳಿಸಿದ್ರಿ? ಹೆಂಗ?

ಬಂದ ದಿನ ನಾ ಬಚ್ಚಲದಾಗ ಆಕಿಗೆ ಎರಿಯಾಕ ನಿಂತೆ. ನೋಡಿದೆ. ಶಿವನ… ಥೂ! ಹೊಟ್ಟಿ ಅಲ್ಲ ಅದು, ನೀರು ಹೆಚ್ಚಾದ ಜ್ವಾಳದ ಹಿಟ್ಟು! ಕೈ ಇಟ್ರ ಇಟ್ಟಲ್ಲೇ ತಗ್ಗು. ತೊಗಲು ನೆರಿಗಿ ನೆರಿಗಿ ಆಗಿ ಹೊಲಿಗಿ ಮ್ಯಾಲ ಜೋಲಾಡತಿತ್ತು. ಹೊಲಿಗಿ ಬಾಜೂಕ ಒಂದು ಉಬ್ಬು, ನಿಂಬಿಹಣ್ಣಿನಷ್ಟು. ಕೆಮ್ಮಿದ್ರ ಹೊರಗ ಬರ್ತಿತ್ತು, ಮಲಗಿದ್ರ ಒಳಗ ಹೋಗ್ತಿತ್ತು. ಬೊಜ್ಜು ಅಂದಕೊಂಡೆ. ಮತ್ತ ಏನ್ ಅಂದಕೋಬೇಕ್ರಿ ಸಾಲಿ ಕಲೀದಾಕಿ? ಅವತ್ತ ರಾತ್ರಿ ರೊಟ್ಟಿ ಹಿಟ್ಟಿಗೆ ಕೈ ಹಾಕಾಕ ಆಗಲಿಲ್ಲ, ಬರೇ ಅನ್ನ ಇಟ್ಟೆ.

ಮಾರಿ ಆ ಕಡೆ ತಿರುವಬ್ಯಾಡ್ರಿ! ನಿಮ್ಮ ಮಗಳು ಅಂತ ಚೆಂದ ಆಗ್ತೈತೇನು?

ಸುಮ್ನ ಕುಂತಿಲ್ರಿ ನಾವು. ಎಲ್ಲಾ ಮಾಡೀವಿ. ಮೊದಲಿಗೆ ಒಂದು ಬೆಲ್ಟು ತರಿಸಿದ್ಲು ಫೋನಿನ್ಯಾಗ. ಕರೇ ಬಣ್ಣದ್ದು, ಚರ್ರ್ ಅಂತ ಕಿತ್ತಿ ಹಚಗೊಳ್ಳೂದು. ಎಂಟು ದಿನಕ್ಕ ಬೆವರು ನಾರಿ, ಸೊಂಟದ ತುಂಬ ಕೆಂಪು ಗುಳ್ಳಿ ಎದ್ದು, ಅದನ್ನ ನಾನ ಹಿತ್ತಲದಾಗ ಒಗದೆ. ಆಮ್ಯಾಲ ಬೊಜ್ಜು ಕರಗೋ ಪುಡಿ. ದಿನಕ್ಕ ಆರು ಸಲ ಹೊರಕಡಿಗೆ ಓಡ್ಯಾಡಿದ್ಲು, ಎದಿ ಹಾಲು ಬತ್ತಾಕ ಹತ್ತಿತು, ಬೊಜ್ಜು ಇದ್ದಲ್ಲೇ ಇತ್ತು. ಆಮ್ಯಾಲ ಇದ ಗಂಗಾವತ್ಯಾಗ ಒಬ್ಬಾಕಿ ಬ್ಯೂಟಿ ಪಾರ್ಲರ್‌ದಾಕಿ, ಹೊಟ್ಟಿಗೆ ಏನೋ ಹಸಿ ಗೊಬ್ಬರದಂಥಾದ್ದು ಬಳದು, ಪ್ಲಾಸ್ಟಿಕ್ ಸುತ್ತಿ, ಮ್ಯಾಲ ಕರೆಂಟಿನ ಶಾಖ ಕೊಟ್ಲು. ನಾನೂ ಹೋಗಿದ್ದೆ ಜೋಡಿ. ಆ ಖೋಲ್ಯಾಗಿನ ವಾಸನಿ! ಸೆರಗು ಮೂಗಿಗೆ ಹಿಡಕೊಂಡು ಕುಂತಿದ್ದೆ. ‘ಮೂರು ಇಂಚು ಇಳೀತು ಆಂಟಿ’ ಅಂದ್ಲು. ಟೇಪು ಜಗ್ಗಿ ಹಿಡದ್ರ ನನ್ನ ಹೊಟ್ಟೀನೂ ಇಳೀತೈತಿ.

ನಗ್ತೀರೇನ್ರಿ? …ಇಲ್ಲ. ಅಳಾಕ ಹತ್ತೀರಿ. ಅಳಬ್ಯಾಡ್ರಿ.

ಡಾಕ್ಟರ್ ಕಡೇನೂ ಹೋಗಿದ್ವಿ, ಕೊಪ್ಪಳದಾಗ, ಹೆಣ್ಣ ಡಾಕ್ಟರ್. ಆಯಮ್ಮ ಏನಂದ್ಲು? ‘ಹೊಟ್ಟಿ ಸ್ನಾಯು ಎರಡು ಭಾಗ ಆಗಿ ದೂರ ಸರದಾವು. ತೊಗಲು ತಾನಾಗೆ ಬಿಗಿ ಆಗಾಕ ವರ್ಷ ಹಿಡೀತೈತಿ. ಮಲಗಿ ಉಸುರು ಬಿಟ್ಟು ಹೊಕ್ಕಳ ಒಳಗ ಜಗ್ಗೂದು ಮಾಡು, ಅಡ್ಡಾಡು, ಹೊಟ್ಟಿ ತುಂಬ ಉಣ್ಣು’ ಅಂದ್ಲು. ವರ್ಷಂತ! ಅಷ್ಟ ಹೇಳಾಕ ಡಾಕ್ಟರ್ ಆಗ್ಬೇಕೇನು? ಹುಬ್ಬಳ್ಳ್ಯಾಗ ತೊಗಲು ಕತ್ತರಿಸಿ ಹೊಲಿಯೋ ಆಪರೇಷನ್ ಮಾಡ್ತಾರಂತ, ಆದ್ರ ಮಕ್ಕಳು ಸಾಕು ಅಂದ ಮ್ಯಾಲ ಮಾಡಸ್ಬೇಕಂತ. ಮತ್ತ… ಮತ್ತೇನಿಲ್ಲ. ಅಷ್ಟ ಅಂದ್ಲು.

ಉಬ್ಬಿಗೆ ಏನಂದ್ಲಾ? …ಏನೋ ಅಂದ್ಲು. ಇಂಗ್ಲೀಷಿನ್ಯಾಗ ಅಂದ್ಲು. ನನಗೇನ್ ಗೊತ್ತಾಗ್ತೈತಿ?

ನೀವು ಅಂದಕೊಂಡೀರಿ, ಈ ಮಾರೆಮ್ಮಗ ಸೊಸಿ ಅಂದ್ರ ಹೇಸಿಗಿ ಅಂತ. ಅಲ್ರಿ. ಆಣಿ ಮಾಡಿ ಹೇಳ್ತೀನಿ, ಅಲ್ಲ. ಯಾರಿಗೂ ಹೇಳಿಲ್ಲ, ನಿಮಗ ಹೇಳ್ತೀನಿ. ಗಾಳೇಶ ಹುಟ್ಟಿ ಮೂರು ತಿಂಗಳಾಗಿತ್ತು. ನಮ್ಮತ್ತಿ ಮೊದಲ ತೀರಿಕೊಂಡಿದ್ಲು, ತವರಾಗ ಅವ್ವ ಇರಲಿಲ್ಲ, ನನ್ನ ಹೊಟ್ಟಿ ಕಟ್ಟಾಕ ಯಾರಿದ್ರು? ಯಾರೂ ಇಲ್ಲ. ಒಂದಿನ ಸೀರಿ ನೆರಿಗಿ ಸರಿ ಮಾಡಕೊಳ್ಳಾಕ ಹತ್ತಿದ್ದೆ, ನಮ್ಮನಿಯವ್ರು ಒಳಗ ಬಂದ್ರು. ನೋಡಿದ್ರು. ‘ಛೀ, ಮುಚಗೋ ಅದನ್ನ’ ಅಂದ್ರು. ಅಷ್ಟ. ಜಗಳಿಲ್ಲ, ಬೈಗಳಿಲ್ಲ. ಅವತ್ತಿಂದ ಅವರು ಹಾಸಿಗಿ ಹೊರಗಿನ ಕಟ್ಟಿ ಮ್ಯಾಲ ಹಾಸಿಕೊಂಡ್ರು. ಸೆಕಿ ಅಂದ್ರು. ಥಂಡ್ಯಾಗೂ ಸೆಕಿನ ಅಂದ್ರು. ಕುಬೇರಪ್ಪ ಭಾಳ ಛಲೋ ಮನಷ್ಯ ಅಂತ ಊರು ಅಂತಿತ್ತು, ಅವರು ಸಾಯೂ ತನಕಾ ಅಂತು. ಗಾಳೇಶನ ಹಿಂದ ಇನ್ನೊಂದು ಕೂಸು ಯಾಕ ಆಗಲಿಲ್ಲ ಅಂತ ಎಲ್ಲಾರೂ ನನ್ನ ಕೇಳಿದ್ರು. ದೇವರು ಕೊಡಲಿಲ್ಲ ಅಂದೆ. ನಾ ಇವತ್ತಿಗೂ ಲೈಟ್ ಆರಿಸಿ ಸೀರಿ ಉಡ್ತೀನ್ರಿ. ನನ್ನ ಹೊಟ್ಟಿ ನಾ ನೋಡ್ಕೊಂಡು ಮೂವತ್ತು ವರ್ಷ ಆತು.

ಈಗ ಹೋದ ಶನಿವಾರ ನಮ್ಮ ಹುಡುಗ ಹಿತ್ತಲದಾಗ ನಿಂತು ಯಾರಿಗೋ ಫೋನಿನ್ಯಾಗ ಹೇಳಾಕ ಹತ್ತಿದ್ದ. ‘ಏನ್ ಮಾಡ್ಲಿಪಾ, ಹೇಸಿಗಿ ಬರ್ತೈತಿ, ಆ ಕಡೆ ತಿರುಗಿ ಮಕ್ಕೋತೀನಿ’ ಅಂತ. ನಕ್ಕ. ನಗಕೋತ ಹೇಳಿದ. ಅಪ್ಪನ ದನಿ! ಅದ ದನಿ ರೀ! ಹೆತ್ತದ್ದು ಇವನ ಕೂಸನ್ನ… ಥೂ ಇವನ ಜನ್ಮಕ್ಕ! ಆದ್ರ ಮಗಗ ಬೈಯಾಕ ಆಗ್ತೈತೇನು? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ, ಹಂಗ…

ಹಂಗ ಏನೂ ಇಲ್ಲ. ಮಾತಿಗೆ ಅಂದೆ.

ಅದೇನ್ರಿ ನಿಮ್ಮ ತೊಡಿ ಮ್ಯಾಲ? ಆ ಚೀಲ. ಸಿಸ್ಟರ್ ಕೊಟ್ಲೇನು? ನೀವು ಬರ್ತಿದ್ದಂಗ ನಿಮ್ಮ ಕೈಗೇ ಕೊಟ್ಲೇನು? ಬಳಿ ಕಾಲುಂಗುರ ಇರಬೇಕು. ಇಲ್ಲಿ ತರ್ರಿ, ನಾ ಇಟಗೋತೀನಿ. ಬಟ್ಟಿ ಇದ್ರ ಗಲೀಜಾಗಿರತೈತಿ, ಹೊರಗ ಒಗದು ಬರ್ತೀನಿ… ತರ್ರಿ ಅಂದೆ… ಬಿಚ್ಚಬ್ಯಾಡ್ರಿ. ಬೀಗತೇರ, ಬಿಚ್ಚಬ್ಯಾಡ್ರಿ ಅದನ್ನ…

ಹೌದು. ನೀಲಿ.

ಹೌದ್ರಿ, ಅದ ಸೀರಿ. ನೀವು ಇಳಕಲ್‌ಗೆ ಹೋಗಿ ತಂದದ್ದು. ಕೆಂಪು ದಡಿ. ಪೆಟ್ಟಿಗ್ಯಾಗ ಐತಿ ಅಂದ್ನೆಲ್ಲ… ಹಗುರ ಸೀರಿ ಕೊಟ್ರು ಅಂತ ಊರ ತುಂಬ ಆಡಿಕೊಂಡಿದ್ದೆ ನಾ. ಆದ್ರ ನೂಲು ಗಟ್ಟಿ ಇತ್ತು. ಜಗ್ಗಿದ್ರ ಹಳೇ ಧೋತರ ಪಿಸದು ಹೊಂಟಿತ್ತು, ಇದು ಪಿಸೀಲಿಲ್ಲ. ಅದಕ್ಕ ಇದನ್ನ ಹರದೆ… ಹರದಿರಬೇಕು ಆಕಿನ! ಆಕಿನ ಹರಕೊಂಡು ಕಟಗೊಂಡಾಳ. ನನಗೇನ್ ಗೊತ್ತು? ನಾ ಅಡಗಿ ಮನ್ಯಾಗಿದ್ದೆ.

ಹಂಗ ಅದರ ಮ್ಯಾಲ ಬೆರಳಾಡಿಸಿಕೋತ ಕುಂದರಬ್ಯಾಡ್ರಿ. ಎಲ್ಲಿ ಮುಟ್ಟಾಕ ಹತ್ತೀರಿ? ಸಿಸ್ಟರ್ ಮುಂದಿನಿಂದ ಕತ್ತರಿ ಹಾಕ್ಯಾಳ. ಗಂಟು ಹಂಗ ಐತಿ. ಹಿಂದಿನ ಗಂಟು. ಮೂರು ಸುತ್ತಿನ ಗಂಟು…

ಬೆನ್ನ ಮ್ಯಾಲ ಅಂಥಾ ಗಂಟು ಯಾರೂ ತಮಗ ತಾವು ಹಾಕಿಕೊಳ್ಳಾಕ ಆಗಂಗಿಲ್ಲ. ಅಲ್ಲೇನ್ರಿ? ನಿಮಗ ಗೊತ್ತಾತು. ನೀವು ಬಂದಾಗಿಂದ ಗೊತ್ತಿತ್ತು ನಿಮಗ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಕೊಂಡ್ರಂತ… ಸೀರಿ ಸುದ್ದಿ ನಾನ ತೆಗದೆ. ನಾನ.

ಗ್ವಾಡಿಗೆ ಕಾಲು ಕೊಟ್ಟು ಜಗ್ಗಿದೆ ರೀ. ಆ ಉಬ್ಬು ಒಳಗ ತುರುಕಿ, ಮ್ಯಾಲ ಸುತ್ತಿ, ಜಗ್ಗಿದೆ. ಕೊಪ್ಪಳದ ಡಾಕ್ಟರ್ ಕನ್ನಡದಾಗ ಹೇಳಿದ್ಲು. ‘ಅವ್ವಾ, ಇದು ಬೊಜ್ಜಲ್ಲ, ಕರುಳು. ಕಟ್ಟಬ್ಯಾಡ್ರಿ, ಒತ್ತಬ್ಯಾಡ್ರಿ, ಲಗೂ ಆಪರೇಷನ್ ಮಾಡಸ್ರಿ’ ಅಂತ. ನಾ ನಂಬಲಿಲ್ಲ. ‘ಅತ್ತಿ, ಬಿಚ್ಚ್ರಿ’ ಅಂದ್ಲು ಮಧ್ಯಾಹ್ನ. ಇನ್ನೊಂದೀಟು ತಡಕೋ ಅಂದೆ. ಸಂಜಿಗೂ ಅಂದ್ಲು. ನಿನ್ನ ಗಂಡ ಹೊರಗ ಹಾಸಿಕೊಂಡಾಗ ಅಳೂದಕ್ಕಿಂತ ಈಗ ಅಳು ಅಂದೆ. ರಾತ್ರಿ ನನ್ನ ಕಾಲು ಹಿಡದ್ಲು…

ಹೌದ್ರಿ. ಮಧ್ಯಾಹ್ನ, ಸಂಜಿ, ರಾತ್ರಿ. ಇವತ್ತಿಂದಲ್ಲ.

ಥೂ ನನ್ನ ಕೈಗೆ! ಉಗುಳ್ರಿ ನೀವೂ. ಬೈರಿ, ಹೊಡೀರಿ… ಯಾರವರು? ಪಡದಿ ಸರಿಸಿ ಒಳಗ ಹೊಂಟವರು? ದೊಡ್ಡ ಡಾಕ್ಟರೇನು? ಕೈಗವಸು ಹಾಕ್ಕೊಂಡ್ರಲ್ಲ… ಒತ್ತಾಕ ಹೊಂಟಾರೇನು?

ಸಾಹೇಬ್ರ! ಸಾಹೇಬ್ರ, ನಿಂದರ್ರಿ! ಒತ್ತಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ, ಒತ್ತಬ್ಯಾಡ್ರಿ! ಸುಳ್ಳು ಹೇಳೀನಿ ನಾ. ನಿನ್ನಿ ಮುಂಜಾನಿ… ನಿನ್ನಿ ಮುಂಜಾನಿ ಎಂಟಕ್ಕ ಕಟ್ಟಿದ್ದು. ಬರಕೊಳ್ರಿ ಸಿಸ್ಟರ್. ಆಕಿ ಕಟಗೊಂಡಿಲ್ಲ. ನೋಡ್ರಿ, ಅವರವ್ವನ ಕೈಯಾಗ ಐತಿ. ಆ ಗಂಟು ನಂದು.