ನೋವಿಲ್ಲವೆಂದು ಏಳು ಊರಲ್ಲಿ ಹೇಳಿದವರು

ಈಗ ನಿಮಗೊಂದು ಸಂಗತಿ ಹೇಳುತ್ತೇನೆ. ಬೀಸಣಿಗೆ ಸ್ವಲ್ಪ ನಿಲ್ಲಿಸಿ, ಕೇಳಿ. ನಾನು ಮೊದಲ ಸಲ ಸಭಾಪಾಲಕನಾಗಿ ಹೋದ ಊರಿನಲ್ಲಿ ಒಬ್ಬ ಶ್ರೀಮಂತರಿದ್ದರು. ಸತ್ಯವಂತಪ್ಪ ಎಂದು ಹೆಸರು. ಊರಿನಲ್ಲೇ ದೊಡ್ಡ ಕಟ್ಟಿಗೆ ಅಡ್ಡೆ ಅವರದು. ನಮ್ಮ ಚರ್ಚಿನ ಆರು ಫ್ಯಾನುಗಳನ್ನು ಅವರೇ ಕೊಡಿಸಿದ್ದರು. ಫ್ಯಾನಿನ ರೆಕ್ಕೆಗಳ ಮೇಲೆ ಅವರ ಹೆಸರು. ಫ್ಯಾನು ತಿರುಗುವಾಗ ಹೆಸರು ಕಾಣುತ್ತಿರಲಿಲ್ಲ. ಕರೆಂಟು ಹೋದಾಗ ಸಭೆಯೆಲ್ಲ ಮೇಲೆ ನೋಡಿ ಓದುತ್ತಿತ್ತು.

ನಗಬೇಡಿ. ಒಳ್ಳೆಯ ಮನುಷ್ಯರು ಅವರು.

ಅವರಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಕೆಮ್ಮು ಶುರುವಾಯಿತು. ಎರಡು ತಿಂಗಳಾದರೂ ಬಿಡಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ತೋರಿಸಿದರೆ ಬಲ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ಒಂದು ಬೀಡಿ ಸೇದಿದವರಲ್ಲ. ಆದರೂ ನಮ್ಮ ಜನ ಬಿಡುತ್ತಾರೆಯೇ? ನೋಡಲು ಹೋದವರೆಲ್ಲ ಕಿತ್ತಳೆ ಹಣ್ಣು ಕೈಗಿಟ್ಟು, ದನಿ ತಗ್ಗಿಸಿ, "ಖರೇ ಹೇಳ್ರಿ, ಕದ್ದು ಸೇದತಿದ್ರೇನು?" ಎಂದು ಕೇಳಿದರು. ಸಾಂತ್ವನ ಹೇಳಲು ಹೋದವರು ನಾವು! ಪೊಲೀಸರಾದರೂ ಅಷ್ಟು ಕೇಳುತ್ತಿರಲಿಲ್ಲ.

ಪುಣ್ಯಕ್ಕೆ ಗಡ್ಡೆ ಇನ್ನೂ ಹರಡಿರಲಿಲ್ಲ. ಬೆನ್ನಿನಿಂದ ಪಕ್ಕೆಯವರೆಗೆ ಕೊಯ್ದು, ಪಕ್ಕೆಲುಬುಗಳನ್ನು ಅಗಲಿಸಿ, ಶ್ವಾಸಕೋಶದ ಒಂದು ಭಾಗ ತೆಗೆದರು. ಊರಿನಲ್ಲಿ ಸಭೆಯೆಲ್ಲ ಉಪವಾಸ ಪ್ರಾರ್ಥನೆ ಮಾಡಿತು. ಎರಡು ತಿಂಗಳ ನಂತರ ಸತ್ಯವಂತಪ್ಪನವರು ಬಿಳಿ ಅಂಗಿ ತೊಟ್ಟು, ನಿಧಾನವಾಗಿ ನಡೆದು ದೇವಾಲಯಕ್ಕೆ ಬಂದರು. ನಾವು ಕಣ್ಣೀರು ಹಾಕಿದೆವು. ನಾನೂ ಹಾಕಿದೆ.

ಇಲ್ಲಿಂದ ಮುಂದೆ ನನ್ನ ತಪ್ಪು ಶುರು, ನೋಡಿ.

ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಅವರನ್ನು ಮುಂದೆ ಕರೆದೆ. ಅವರು ಮೈಕು ಹಿಡಿದು, "ದೇವರು ನನ್ನ ಜೀವಾ ಉಳಿಸ್ಯಾನ, ಗಡ್ಡಿ ಹೋಗೇತಿ, ಆದ್ರ…" ಎಂದು ತಡೆದರು. ಆ "ಆದ್ರ" ಮುಗಿಯುವವರೆಗೆ ನಾನು ಕಾಯಬೇಕಿತ್ತು. ಕಾದೆನೇ? ಮೂವತ್ತು ವರ್ಷದ ಬಿಸಿ ರಕ್ತ. ಮೈಕು ಕಸಿದುಕೊಂಡು, "ಈಗ ಒಂದು ಚೂರಾದರೂ ನೋವಿದೆಯೇ, ಸಹೋದರರೇ? ಇಲ್ಲ! ಹೌದಲ್ಲವೇ?" ಎಂದು ಕೂಗಿದೆ. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಪಾಪ, ಆ ಮನುಷ್ಯ ಏನು ಹೇಳಬೇಕು? "ಹೌದ್ರಿ" ಅಂದರು. ನಮ್ಮ ಸಭೆಯ ಒಬ್ಬ ಹಿರಿಯರು ಎದ್ದು ಬಂದು, ತಮ್ಮ ಅಗಲವಾದ ಅಂಗೈಯಿಂದ ಅವರ ಬೆನ್ನಿಗೆ ಧಪ್ ಎಂದು ತಟ್ಟಿದರು. ಅಂಥ ಹಿರಿಯರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಆಚೀಚೆ ನೋಡಬೇಡಿ, ನನ್ನ ಕಡೆ ನೋಡಿ.

ಸುದ್ದಿ ಹಬ್ಬಿತು. ಸುತ್ತಲಿನ ಸಭೆಗಳಿಂದ ಕರೆ ಬಂತು. ಏಳು ಊರು! ಏಳೂರಲ್ಲೂ ಸತ್ಯವಂತಪ್ಪನವರು ನಿಂತು, "ನನಗೀಗ ಒಂಚೂರೂ ನೋವಿಲ್ಲ" ಎಂದು ಹೇಳಿದರು. ಏಳೂರಲ್ಲೂ ಯಾರೋ ಒಬ್ಬರು ಬೆನ್ನು ತಟ್ಟಿದರು.

ಮನೆಯಲ್ಲಿ ಬೇರೆಯೇ ನಡೆದಿತ್ತು. ಅವರ ಹೆಂಡತಿ ಎಸ್ತೇರಮ್ಮ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಸೆರಗಿನ ತುದಿ ಹಿಂಡುತ್ತ ಕೂತರು.

"ಅಯ್ಯನವರ, ನಮ್ಮ ಮನಿಯವ್ರಿಗೆ ನಾ ಬ್ಯಾಡಾಗೇನ್ರಿ."

"ಯಾಕಮ್ಮಾ, ಏನಾಯಿತು?"

"ಮೊದಲ ಎಷ್ಟ್ ನಗಸತಿದ್ರು. ಈಗ ಮಾರಿ ಬಿಗಿಹಿಡಕೊಂಡ ಕುಂದರ್ತಾರ. ಹೆಗಲಿಗೆ ಕೈ ಹಾಕಿದ್ರ ಸರ್ ಅಂತ ಸರದ ಬಿಡ್ತಾರ. ಅಡ್ಡೆಗೂ ಹೋಗವಲ್ರು. ದವಾಖಾನಿಗೆ ತೋರಸ್ಕೊಂಡ ಬರೂಣು ಅಂದ್ರ ಸಿಟ್ಟಾಗ್ತಾರ. ಕಟ್ಟಕೊಂಡಾಕಿ ಮ್ಯಾಲೆ ಇಷ್ಟ್ಯಾಕ ಸಿಟ್ಟು?"

ನನಗೆ ಆಗ ಮದುವೆಯಾಗಿ ಎಂಟು ತಿಂಗಳು. ದಾಂಪತ್ಯದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ! ಮರುದಿನವೇ ಗಂಡನಿಗೆ ಬುದ್ಧಿ ಹೇಳಲು ಹೊರಟೆ. ಭಾನುವಾರದ ಉಪದೇಶದ ಹಾಗೆ ಮೂರು ಅಂಶಗಳ ಪ್ರಸಂಗವನ್ನು ಚೀಟಿಯಲ್ಲಿ ಬರೆದುಕೊಂಡೂ ಹೋಗಿದ್ದೆ.

ಸತ್ಯವಂತಪ್ಪನವರು ಪಡಸಾಲೆಯಲ್ಲಿ ಕುರ್ಚಿಯ ಎಡಗಡೆಗೆ ವಾಲಿಕೊಂಡು ಕೂತಿದ್ದರು. ಅಂಗಿಯ ಗುಂಡಿ ಹಾಕಿರಲಿಲ್ಲ. ಬಲಗಡೆಯ ಬಟ್ಟೆಯನ್ನು ಎರಡು ಬೆರಳಿನಿಂದ ಮೈಗೆ ತಾಗದಂತೆ ಎತ್ತಿ ಹಿಡಿದಿದ್ದರು. ಕಣ್ಣೆದುರೇ ಇತ್ತು ಇದೆಲ್ಲ. ನಾನು ನೋಡಿದೆನೇ? ನಾನು ಚೀಟಿ ನೋಡುತ್ತಿದ್ದೆ. ಮೊದಲ ಅಂಶ ಮುಗಿಸಿದೆ. ಎರಡನೆಯದರ ನಡುವೆ ಅವರಿಗೊಂದು ಸೀನು ಬಂತು.

ಒಂದು ಸೀನು. ನಮಗೆ ನಿಮಗೆ ಅದೇನು ದೊಡ್ಡದು? ಅವರು ಅದನ್ನು ತಡೆಯಲು ನೋಡಿದರು, ಮೂಗು ಹಿಡಿದರು, ಆಗಲಿಲ್ಲ. ಸೀನಿದವರೇ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. ಮುಖ ಬೂದಿಯಂತಾಯಿತು. ಉಸಿರು ಅರ್ಧಕ್ಕೇ ನಿಂತಿತು. ಕಣ್ಣಿಂದ ನೀರು ತಾನಾಗಿ ಇಳಿಯಿತು. ನನ್ನ ಚೀಟಿ ಎಲ್ಲಿ ಬಿತ್ತೋ ಗೊತ್ತಿಲ್ಲ.

"ಏನಾಯಿತು? ಸತ್ಯವಂತಪ್ಪನವರೇ, ಏನಾಯಿತು?"

ಉಸಿರು ತಿರುಗಿದ ಮೇಲೆ ಹೇಳಿದರು. "ನೋವು ಐತ್ರಿ. ಆಪರೇಷನ್ ಆದಾಗಿಂದ ಐತಿ. ಬೆನ್ನಿಂದ ಎದಿ ಬುಡದ ತನಕ ಖಾರದ ಪುಡಿ ತಿಕ್ಕಿದಂಗ. ಅಂಗಿ ತಾಗಿದ್ರ ಉರಿ, ನಕ್ಕರ ಉರಿ, ದೊಡ್ಡ ಉಸರ ತಗದ್ರ ಚುಚ್ಚತೈತಿ. ಹದಿನಾಕ ತಿಂಗಳಾತು. ಒಂದ ದಿನಾ ಬಿಟ್ಟಿಲ್ಲ."

"ಹದಿನಾಲ್ಕು ತಿಂಗಳೇ! ಮತ್ತೆ ಯಾಕೆ ಹೇಳಲಿಲ್ಲ?"

ಅವರು ನನ್ನ ಮುಖ ನೋಡಿದರು. ಸಿಟ್ಟಿಲ್ಲ, ಕೊಂಕಿಲ್ಲ.

"ನೀವ ಹೇಳಿದ್ರಲ್ರಿ, ಇಲ್ಲಂತ."

ಆ ಮಾತು ಹೇಗೆ ತಾಗಿತು ಎಂದು ನಾನು ವರ್ಣಿಸುವುದಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಲೋಟಗಳ ಸದ್ದಾಯಿತು. ಎಸ್ತೇರಮ್ಮ ಚಹಾ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಏಳೂರಾಗ ನಿಂತು ನೋವಿಲ್ಲಂತ ಹೇಳಿ ಬಂದ್ರಿ," ಅಂದರು. "ಮನ್ಯಾಗ ಒಬ್ಬಾಕಿಗೆ ನೋವು ಐತಿ ಅಂತ ಹೇಳಾಕ ಬಾಯಿ ಬರಲಿಲ್ಲೇನು? ನಾ ಹಾಕಿದ ಕೈ ಸರಿಸಿ ಸರಿಸಿ ನನ್ನ ಕೊಂದ್ರಲ್ಲ!"

"ಹೇಳಿದ್ರ ನೀ ಅಂಜತಿದ್ದಿ."

"ನೀವು ಅಂಜಿಲ್ಲೇನು?"

ಆಗ ಆ ದೊಡ್ಡ ಮನುಷ್ಯ ತಲೆ ತಗ್ಗಿಸಿದರು. ಅಂಜಿದ್ದರು. ನೋವಿದೆ ಅಂದರೆ ಗಡ್ಡೆ ಮತ್ತೆ ಬಂದಿದೆ ಎಂದೇ ಅರ್ಥ ಎಂದುಕೊಂಡು, ಆ ಮಾತು ಡಾಕ್ಟರ ಬಾಯಿಂದ ಕೇಳುವ ಧೈರ್ಯವಿಲ್ಲದೆ, ಎರಡು ತಪಾಸಣೆ ತಪ್ಪಿಸಿದ್ದರು. ಎಸ್ತೇರಮ್ಮ ಚಹಾದ ತಟ್ಟೆಯನ್ನು ನೆಲದ ಮೇಲಿಟ್ಟು, ಅವರ ಎಡಗಡೆಗೆ ಬಂದು ಕೂತು, ಎಡಗೈ ಹಿಡಿದುಕೊಂಡರು. ನಾನು? ಮೂರನೆಯ ಅಂಶ ಹೇಳದೆ ಸುಮ್ಮನೆ ಕೂತೆ. ನನ್ನ ಸೇವೆಯಲ್ಲಿ ನಾನು ಮಾಡಿದ ಅತ್ಯುತ್ತಮ ಪ್ರಸಂಗ ಅದೇ ಇರಬೇಕು.

ಆ ವಾರವೇ ಮೂವರೂ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಒಂದೊಂದು ರಸ್ತೆಯುಬ್ಬಿಗೂ ಅವರು ಪಕ್ಕೆ ಹಿಡಿಯುತ್ತಿದ್ದರು. ಹಿಂದೆಯೂ ಹಿಡಿಯುತ್ತಿದ್ದಿರಬೇಕು, ನಾವು ನೋಡಿರಲಿಲ್ಲ. ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಆ ಎರಡು ನಿಮಿಷ ಎಸ್ತೇರಮ್ಮ ಗಂಡನ ಎಡಗೈ ಬಿಡಲಿಲ್ಲ.

"ಗಡ್ಡೆ ಇಲ್ಲ. ಏನೂ ಇಲ್ಲ, ಸ್ವಚ್ಛವಾಗಿದೆ," ಎಂದರು.

"ಹಂಗಾರ ನೋವು?" ಸತ್ಯವಂತಪ್ಪನವರು ಕೇಳಿದರು. "ನನ್ನ ಭ್ರಮಿಯೇನ್ರಿ?"

"ಭ್ರಮೆ ಅಂತ ಯಾರು ಹೇಳಿದ್ದು? ಪಕ್ಕೆಲುಬಿನ ಕೆಳಗೆ ನರ ಇರುತ್ತೆ. ಆಪರೇಷನ್ನಲ್ಲಿ ಅದಕ್ಕೆ ಪೆಟ್ಟಾಗಬಹುದು. ಹೊರಗೆ ಗಾಯ ಮಾಗಿದರೂ ನರ ಉರೀತಾನೇ ಇರುತ್ತೆ. ಎಷ್ಟೋ ಜನಕ್ಕೆ ಹೀಗಾಗುತ್ತೆ. ಆದ್ರೆ ನೀವು ಬಂದು ಹೇಳಬೇಕಲ್ವಾ? ನೋವಿಗೇ ಅಂತ ಬೇರೆ ಡಾಕ್ಟರಿದ್ದಾರೆ, ನರದ ನೋವಿಗೆ ಬೇರೆ ಔಷಧಿ ಇದೆ, ಉಸಿರಿನ ವ್ಯಾಯಾಮ ಇದೆ."

"ಪೂರಾ ಹೋಗತೈತೇನ್ರಿ?"

"ಮಾತು ಕೊಡಲ್ಲ. ಕಡಿಮೆ ಮಾಡೋಣ."

ನೋಡಿ, ಆ ಡಾಕ್ಟರಮ್ಮನಿಗೆ ನನಗಿಂತ ಹೆಚ್ಚು ಧರ್ಮ ಗೊತ್ತಿತ್ತು. ತನ್ನಿಂದ ಆಗದ್ದನ್ನು ಆಗಿದೆ ಎಂದು ಕೂಗಲಿಲ್ಲ.

ಮುಂದಿನ ಭಾನುವಾರ ನಾನು ಸಭೆಯ ಕ್ಷಮೆ ಕೇಳಿ, ಸತ್ಯವಂತಪ್ಪನವರಿಗೆ ಮೈಕು ಕೊಟ್ಟು, ಐದು ಹೆಜ್ಜೆ ದೂರ ನಿಂತೆ. ಅವರು ಹೇಳಿದ್ದು ಇಷ್ಟೇ: "ಗಡ್ಡಿ ಹೋಗೇತಿ. ನೋವು ಹೋಗಿಲ್ಲ. ದೇವರು ಬಿಟ್ಟಿಲ್ಲ. ನಾ ಸುಳ್ಳು ಹೇಳಿದ್ದೆ, ಮಾಫ್ ಮಾಡ್ರಿ."

ಚಪ್ಪಾಳೆ ಇಲ್ಲ. ಆಮೇಲೆ ಹೆಂಗಸರ ಕೊನೆಯ ಬೆಂಚಿನಿಂದ ಒಬ್ಬ ಅಜ್ಜಿ ಎದ್ದರು. ಎದೆಯ ಆಪರೇಷನ್ ಆಗಿ ಎಂಟು ವರ್ಷವಾಗಿತ್ತಂತೆ ಅವರಿಗೆ. "ನನಗೂ ಉರೀತೈತಿ," ಅಂದರು. "ಯಾರೂ ಕೇಳಿರಲಿಲ್ಲ." ಮತ್ತೊಬ್ಬರೆದ್ದರು, ಮಗದೊಬ್ಬರು. ಅಂದು ಆರಾಧನೆ ಮುಗಿದಾಗ ಎರಡು ಗಂಟೆ. ಎಲ್ಲರ ಮನೆಯ ಸಾರೂ ಆರಿತ್ತು, ಒಬ್ಬರೂ ಗೊಣಗಲಿಲ್ಲ. ಇದನ್ನೇ ಬೇಕಾದರೆ ಅದ್ಭುತ ಎನ್ನಿ.

ಸತ್ಯವಂತಪ್ಪನವರ ನೋವು ಪೂರ್ತಿ ಹೋಗಲಿಲ್ಲ. ಗುಳಿಗೆ, ವ್ಯಾಯಾಮ, ಒಂದೆರಡು ಇಂಜೆಕ್ಷನ್ನುಗಳಿಂದ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅಡ್ಡೆಗೆ ಮತ್ತೆ ನಡೆದು ಹೋಗತೊಡಗಿದರು. ಬೆಳಿಗ್ಗೆ ಎದ್ದಕೂಡಲೇ ಎಸ್ತೇರಮ್ಮ ಕೇಳುತ್ತಿದ್ದರು, "ಇವತ್ತ ಬ್ಯಾಡಗಿನೋ, ಗುಂಟೂರೋ?" ಬ್ಯಾಡಗಿ ಮೆಣಸಿನಕಾಯಿ ಎಂದರೆ ಬರೀ ಬಣ್ಣ, ಖಾರ ಕಡಿಮೆ, ಅಂದು ಸಂತೆಗೂ ಜೊತೆಯಾಗಿ ಹೋಗುತ್ತಿದ್ದರು. ಗುಂಟೂರು ಎಂದರೆ ಬಾಯಿ ಸುಡುವ ಖಾರ, ಅಂದು ಅವರನ್ನು ಅವರ ಪಾಡಿಗೆ ಬಿಟ್ಟು, ಮೆತ್ತನೆಯ ಹಳೆಯ ಅಂಗಿ ತೆಗೆದಿಡುತ್ತಿದ್ದರು. ಸತ್ಯವಂತಪ್ಪನವರು ನಗುತ್ತಿದ್ದರು. ನಕ್ಕರೆ ಉರಿಯುತ್ತಿತ್ತು, ಆದರೂ ನಗುತ್ತಿದ್ದರು.

ಈಗ ನಿಮ್ಮ ಸರದಿ. ಇಷ್ಟು ಹೊತ್ತು ಆ ಊರಿನ ಜನರನ್ನು ನೋಡಿ ನಕ್ಕಿರಲ್ಲ? ಕಳೆದ ಭಾನುವಾರ ಇದೇ ಬಾಗಿಲಲ್ಲಿ ನಾನು ನಿಂತು ಲೆಕ್ಕ ಹಾಕಿದ್ದೇನೆ. "ಆರಾಮಿದ್ದೀರಾ?" ಎಂದು ನೀವು ಒಬ್ಬರನ್ನೊಬ್ಬರು ಕೇಳುತ್ತೀರಿ, ಉತ್ತರ ಬರುವುದರೊಳಗೆ ಚಪ್ಪಲಿ ಹುಡುಕುತ್ತೀರಿ. ಅದು ಪ್ರಶ್ನೆಯೇ? ಆಸ್ಪತ್ರೆಯಿಂದ ಬಂದವರಿಗೆ "ಈಗೆಲ್ಲ ಸರಿಹೋಯಿತಲ್ಲ" ಎಂದು ನೀವೇ ತೀರ್ಪು ಕೊಡಬೇಡಿ. ಅವರು "ಆದರೆ" ಎಂದರೆ ಮುಂದಿನ ಮಾತಿಗೆ ಕಾಯಿರಿ. ಪ್ರೀತಿ ಉಕ್ಕಿದರೂ ಬೆನ್ನು ತಟ್ಟುವ ಮುಂಚೆ ಕೇಳಿ. ಹಿರಿಯರೇ, ನಿಮಗೇ ಹೇಳಿದ್ದು.

ಇನ್ನು ನೋವು ಅಡಗಿಸಿಟ್ಟುಕೊಂಡು ಇಲ್ಲಿ ಕೂತವರೇ, ನೀವಿದ್ದೀರಿ ಎಂದು ನನಗೆ ಗೊತ್ತು. ನೋವಿದೆ ಎಂದರೆ ನಂಬಿಕೆ ಕಡಿಮೆ ಎಂದಲ್ಲ. ಇವತ್ತು ಊಟಕ್ಕೆ ಕೂಡುವ ಮೊದಲು ಮನೆಯ ಒಬ್ಬರಿಗಾದರೂ ಹೇಳಿ, ಎಲ್ಲಿ ನೋವು, ಯಾವಾಗ ಹೆಚ್ಚು ಎಂದು. ನಾಳೆ ಡಾಕ್ಟರಿಗೆ ಹೇಳಿ. ಅಂಜಿಕೆಯಾದರೆ ಜೊತೆಗೊಬ್ಬರನ್ನು ಕರೆದುಕೊಳ್ಳಿ. ಯಾರೂ ಸಿಗದಿದ್ದರೆ ನಾನಿದ್ದೇನೆ, ಚೀಟಿ ತರುವುದಿಲ್ಲ.

ಈಗ ಎಲ್ಲರೂ ಪಕ್ಕದವರ ಕಡೆ ತಿರುಗಿ. ಹೇಗಿದ್ದೀರಿ ಎಂದು ಕೇಳಿ, ಕೇಳಿ ಸುಮ್ಮನಿರಿ. ಅವರ ಮಾತು ಪೂರ್ತಿ ಮುಗಿಯುವವರೆಗೆ ನಾನು ಕೊನೆಯ ಆಶೀರ್ವಾದ ಹೇಳುವುದಿಲ್ಲ, ಸಾರು ಆರಿದರೆ ಆರಲಿ.